ವುಹಾನ್ ಜಗಳ, ಊರಿನ ಸ್ಕೂಲು

2020ರ ಡಿಸೆಂಬರ್‌ನಲ್ಲಿ ನಮ್ಮೂರಿನ ಸರ್ಕಾರಿ ಪ್ರೈಮರಿ ಸ್ಕೂಲಿನ ಬೀಗವನ್ನು ಒಂದು ದಿನದ ಮಟ್ಟಿಗೆ ತೆಗೆದಿದ್ದರು. ಗ್ರಾಮ ಪಂಚಾಯ್ತಿ ಎಲೆಕ್ಷನ್. ಒಂದನೇ ಕ್ಲಾಸಿನ ರೂಮಿನಲ್ಲಿ ಬೂತು, ಅ ಆ ಇ ಈ ಚಾರ್ಟಿನ ಕೆಳಗೆ ಏಜೆಂಟರು, ಮೂಲೆಯಲ್ಲಿ ಸ್ಯಾನಿಟೈಸರ್ ಬಾಟ್ಲು. ಕರಿಹಲಗೆಯ ಮೇಲೆ ಮಾರ್ಚ್ ತಿಂಗಳ ತಾರೀಖು ಹಾಗೇ ಇತ್ತು, ಯಾರೂ ಅಳಿಸಿರಲಿಲ್ಲ. ನಾನು ವೋಟು ಹಾಕಿ ಹೊರಗೆ ಬಂದಾಗ ಅಕ್ಕನ ಮಗಳು ಪುಟ್ಟಿ ಗೇಟಿನ ಹತ್ರ ನಿಂತಿದ್ದಳು. "ಮಾಮ, ಸ್ಕೂಲ್ ಓಪನ್ ಆಯ್ತಾ?" ಅಂದಳು. "ಇಲ್ಲ ಪುಟ್ಟಿ, ಇವತ್ತು ದೊಡ್ಡೋರಿಗೆ ಮಾತ್ರ" ಅಂದೆ. ಹಾಗೆ ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ. ಈಗ ಅದನ್ನೇ ಬರೆಯುವುದಕ್ಕೆ ಕಾರಣ, ಆವತ್ತು ಏನೂ ಅನ್ನಿಸಲಿಲ್ಲವಲ್ಲ ಅನ್ನೋದು.

ಈ ಗೇಟು ನೆನಪಾಗಿದ್ದು 'ಇನ್ ಕೋವಿಡ್ಸ್ ವೇಕ್' ಪುಸ್ತಕ ಓದುವಾಗ. ಸ್ಟೀಫನ್ ಮ್ಯಾಸಿಡೋ ಮತ್ತು ಫ್ರಾನ್ಸಿಸ್ ಲೀ ಅನ್ನುವ ಪ್ರಿನ್ಸ್‌ಟನ್ ಯೂನಿವರ್ಸಿಟಿಯ ಇಬ್ಬರು ಪ್ರೊಫೆಸರ್‌ಗಳು ಬರೆದದ್ದು, 2025ರಲ್ಲಿ ಬಂತು. ಇಬ್ಬರೂ ಡಾಕ್ಟರ್‌ಗಳಲ್ಲ, ವೈರಸ್ ತಜ್ಞರೂ ಅಲ್ಲ. ರಾಜಕೀಯಶಾಸ್ತ್ರದವರು. ಟ್ರಂಪ್ ಕಡೆಯವರಂತೂ ಖಂಡಿತಾ ಅಲ್ಲ. ಅವರ ಪ್ರಶ್ನೆ ವೈರಸ್ ಬಗ್ಗೆ ಅಲ್ಲ, ವೈರಸ್ ಬಗ್ಗೆ ಅಮೆರಿಕದ ಓದಿದ ಜನ ಹೇಗೆ ವಾದ ಮಾಡಿದರು ಅನ್ನುವುದರ ಬಗ್ಗೆ. ಪ್ರಾಮಾಣಿಕವಾಗಿ ವಾದ ಮಾಡಿದರಾ, ಅಥವಾ ಎದುರು ಮಾತಾಡಿದವರ ಬಾಯಿ ಮುಚ್ಚಿಸಿದರಾ? ಪುಸ್ತಕದ ಉತ್ತರ ಎರಡನೆಯದು. ಅದಕ್ಕೆ ಅವರು ಕೊಡುವ ದೊಡ್ಡ ಉದಾಹರಣೆಗಳಲ್ಲಿ ಎರಡು: ಸ್ಕೂಲು ಮುಚ್ಚಿದ್ದು, ಮತ್ತು ವೈರಸ್ ಎಲ್ಲಿಂದ ಬಂತು ಅನ್ನುವ ಜಗಳ. ಒಂದರಲ್ಲಿ ನನಗೆ ಪುಸ್ತಕ ಕಪಾಳಕ್ಕೆ ಹೊಡೆದ ಹಾಗಾಯಿತು. ಇನ್ನೊಂದರಲ್ಲಿ ಪುಸ್ತಕದ ಜೊತೆ ನನ್ನ ತಕರಾರಿದೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದರ ಬಗ್ಗೆ ಇನ್ನೂ ದೊಡ್ಡ ತಕರಾರಿದೆ.

ಮೊದಲು ಕಪಾಳದ ವಿಷಯ.

ಲ್ಯಾಪ್‌ಟಾಪ್ ಮುಂದೆ ಕೂತು ಸಂಬಳ ತಗೊಳ್ಳುವವರು ಲಾಕ್‌ಡೌನ್‌ನ ಲೆಕ್ಕ ಹಾಕಿದರು, ಅದರ ಬೆಲೆ ಕಟ್ಟಿದವರು ಬೇರೆಯವರು ಅನ್ನೋದು ಈ ಪುಸ್ತಕದ ಬೆನ್ನೆಲುಬು. ಸಾಂಕ್ರಾಮಿಕ ಬಂದಾಗ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟಿದ್ದ ಯೋಜನೆಗಳಲ್ಲಿ, 2019ರ ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆಯೂ ಸೇರಿ, ಇಂಥ ಕ್ರಮಗಳಿಗೆ ಪುರಾವೆ ತೀರಾ ತೆಳು ಅಂತ ಒಪ್ಪಿಕೊಂಡಿತ್ತು. ಅದಕ್ಕೂ ಮುಂಚೆ, 2006ರಲ್ಲೇ, ಸಿಡುಬು ನಿರ್ಮೂಲನದ ಮುಂದಾಳತ್ವ ವಹಿಸಿದ್ದ ಡಿ.ಎ. ಹೆಂಡರ್ಸನ್ ತನ್ನ ಸಹೋದ್ಯೋಗಿಗಳ ಜೊತೆ ಇದೇ ಎಚ್ಚರಿಕೆ ಕೊಟ್ಟಿದ್ದರು: ಜನಜೀವನ ಆದಷ್ಟು ಮಾಮೂಲಿಯಾಗಿ ನಡೆಯುವ ಹಾಗೆ ನೋಡಿಕೊಳ್ಳಿ ಅಂತ. ನಮ್ಮಜ್ಜಿಯ ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು. ಆ ರೋಗವನ್ನು ಓಡಿಸಿದ ಮನುಷ್ಯನಿಗೆ ರೋಗದ ಭಯ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ನಾನು ಆ ಲ್ಯಾಪ್‌ಟಾಪ್ ಜನರಲ್ಲಿ ಒಬ್ಬ. 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ರೂಮಿಗೆ ಬೀಗ ಹಾಕಿ ತಿಪಟೂರು ಕಡೆಯ ನಮ್ಮೂರಿಗೆ ಹೋದೆ. ತಾರಸಿ ಮೇಲೆ ಮಾತ್ರ ಟವರ್ ಸಿಗ್ತಿತ್ತು. ತೆಂಗಿನ ಗರಿಯ ಚಪ್ಪರ ಹಾಕಿಸಿ, ಅಲ್ಲೇ ಒಂದು ಟೇಬಲ್ಲು, ಯುಪಿಎಸ್ಸು. ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗು, ಮಧ್ಯಾಹ್ನ ಅಮ್ಮನ ಕೈ ಮುದ್ದೆ. ಬಾಡಿಗೆ ಉಳೀತು, ಕ್ಯಾಬ್ ದುಡ್ಡು ಉಳೀತು, ವರ್ಷದ ಕೊನೆಗೆ ಪ್ರಮೋಷನ್ನೂ ಬಂತು. ನಿಜ ಹೇಳಬೇಕಂದ್ರೆ ನನ್ನ ಜೀವನದ ಒಳ್ಳೆಯ ವರ್ಷಗಳಲ್ಲಿ ಅದೂ ಒಂದು. ಹೀಗೆ ಹೇಳಿದರೆ ಕೇಳಿಸಿಕೊಳ್ಳುವವರಿಗೆ ಮುಜುಗರ ಆಗುತ್ತೆ, ಆದರೆ ಆಫೀಸಿನಲ್ಲಿ ಮೂರು ಪೆಗ್ಗಾದ ಮೇಲೆ ಬಹಳಷ್ಟು ಜನ ಇದನ್ನೇ ಹೇಳಿದ್ದಾರೆ.

ಆ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮ ಶುರು ಮಾಡಿತು. ಸ್ಕೂಲು ಬೇಡ, ಮೇಷ್ಟ್ರೇ ಊರಿಗೆ ಬಂದು ಗುಡಿ ಜಗಲಿ, ಅರಳಿಕಟ್ಟೆ, ಎಲ್ಲಿ ಜಾಗ ಇದೆಯೋ ಅಲ್ಲಿ ಸಣ್ಣ ಗುಂಪು ಮಾಡಿ ಪಾಠ ಹೇಳೋದು. ನನ್ನ ಪ್ರಕಾರ ಈ ದೇಶದಲ್ಲಿ ಆ ಎರಡು ವರ್ಷ ಯಾವುದಾದರೂ ಇಲಾಖೆಗೆ ಹೊಳೆದ ಒಳ್ಳೆಯ ಐಡಿಯಾಗಳಲ್ಲಿ ಅದೂ ಒಂದು. ಈಗ ಹೀಗಂತೀನಿ. ಆಗ ಏನು ಅಂದಿದ್ದೆ ಗೊತ್ತಾ? ನಮ್ಮೂರಿಗೆ ಬರ್ತಿದ್ದ ಮೇಷ್ಟ್ರು ಮಾರಮ್ಮನ ಗುಡಿ ಜಗಲಿ ಮೇಲೆ ಹನ್ನೆರಡು ಮಕ್ಕಳನ್ನ ಕೂರಿಸಿಕೊಂಡಿದ್ದು ನೋಡಿ, ತಾರಸಿಯಿಂದ ಇಳಿದು ಹೋಗಿ, "ಮೇಷ್ಟ್ರೆ, ಇದು ತುಂಬಾ ರಿಸ್ಕು, ನಿಮಗೆ ಗೊತ್ತಾಗ್ತಿಲ್ಲ" ಅಂತ ಶುರು ಮಾಡಿದೆ. ಮೊಬೈಲ್‌ನಲ್ಲಿ ಗ್ರಾಫ್ ತೋರಿಸಿದೆ. ಒಬ್ಬರಿಂದ ಎಷ್ಟು ಜನಕ್ಕೆ ಹರಡುತ್ತೆ, ಅಷ್ಟಾದರೆ ಎರಡು ವಾರದಲ್ಲಿ ಎಷ್ಟು ಅಂತ ಎಕ್ಸ್‌ಪೊನೆನ್ಷಿಯಲ್ ಪಾಠ. ಐವತ್ತು ದಾಟಿದ ಮನುಷ್ಯ, ಮಾಸ್ಕ್ ಹಾಕಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು, ನಿಂತೇ ಕೇಳಿಸಿಕೊಂಡರು. "ಆಯ್ತಪ್ಪ, ನೋಡನ" ಅಂದರು. ನಾನು ಮನೆಗೆ ಬಂದು ಅಕ್ಕನಿಗೆ, "ಪುಟ್ಟೀನ ಕಳಿಸಬೇಡ, ಅಮ್ಮನಿಗೆ ಶುಗರ್ ಇದೆ" ಅಂದೆ. ಅಕ್ಕ, "ನೀನು ಓದಿರೋನು ಕಣೋ, ನೀನು ಹೇಳಿದ್ಮೇಲೆ ಇನ್ನೇನು" ಅಂದಳು. ಅಕ್ಟೋಬರ್‌ನಲ್ಲಿ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ಬಂತು ಅನ್ನುವ ಸುದ್ದಿಗಳಾಗಿ ವಿದ್ಯಾಗಮವನ್ನೇ ಇಡೀ ರಾಜ್ಯದಲ್ಲಿ ನಿಲ್ಲಿಸಿದರು. ನಮ್ಮ ಪುಟ್ಟಿಗೆ ಅದು ಸೆಪ್ಟೆಂಬರ್‌ನಲ್ಲೇ ನಿಂತಿತ್ತು.

ಎರಡನೇ ಕ್ಲಾಸಿನ ಕೊನೆಗೆ ಸ್ಕೂಲು ಬಿಟ್ಟವಳು ಮತ್ತೆ ಸ್ಕೂಲಿಗೆ ಕಾಲಿಟ್ಟಿದ್ದು 2021ರ ಅಕ್ಟೋಬರ್ 25ಕ್ಕೆ, ನಾಲ್ಕನೇ ಕ್ಲಾಸಿಗೆ. ಮೂರನೇ ಕ್ಲಾಸು ಅನ್ನೋದು ಅವಳ ಜೀವನದಲ್ಲಿ ಇಲ್ಲ. ಆ ದೀಪಾವಳಿಗೆ ಊರಿಗೆ ಹೋಗಿದ್ದಾಗ "ಓದು ನೋಡೋಣ" ಅಂತ ಎರಡನೇ ಕ್ಲಾಸಿನ ಹಳೇ ಕನ್ನಡ ಪುಸ್ತಕ ಕೊಟ್ಟೆ. ಪದ್ಯವನ್ನ ಪಟಪಟ ಹೇಳಿದಳು, ಸರಿಯಾದ ಜಾಗಕ್ಕೆ ಪುಟಾನೂ ತಿರುಗಿಸಿದಳು. ನನಗೆ ಖುಷಿ ಆಯ್ತು. ಆಮೇಲೆ ಅವಳ ಬೆರಳು ನೋಡಿದೆ. ಬಾಯಿ ನಾಲ್ಕನೇ ಸಾಲಲ್ಲಿತ್ತು, ಬೆರಳು ಎರಡನೇ ಸಾಲಲ್ಲಿ. ಬಾಯಿಪಾಠ. ಯಾವುದೋ ಒಂದು ಪದದ ಮೇಲೆ ಕೈ ಇಟ್ಟು "ಇದೇನು?" ಅಂದರೆ ನನ್ನ ಮುಖ ನೋಡಿದಳು.

ಒಂದು ಮಗುವಿನ ಕಥೆ ಹೇಳಿ ವಾದ ಗೆಲ್ಲಬಾರದು ಅನ್ನೋದು ನನಗೂ ಗೊತ್ತು. ಅಂಕಿ ಬೇಕಾದರೆ ಇದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ನೋಡಿ 2021ರ ಆರಂಭದಲ್ಲಿ ವರದಿ ಕೊಟ್ಟರು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯದಲ್ಲಿ ಕನಿಷ್ಠ ಒಂದನ್ನು ಮರೆತವರು 92%, ಗಣಿತದಲ್ಲಿ 82%. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜ್ಯಾನ್ ಡ್ರೇಜ್, ರೀತಿಕಾ ಖೇರಾ ಮೊದಲಾದವರ ತಂಡ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳ ಸಮೀಕ್ಷೆ ತಂದಿತು. ಹಳ್ಳಿಗಳಲ್ಲಿ ಆನ್‌ಲೈನ್‌ನಲ್ಲಿ ನಿಯಮಿತವಾಗಿ ಓದುತ್ತಿದ್ದವರು 8%. ಏನೂ ಓದದೇ ಇದ್ದವರು 37%. ನಾವು ಬೆಂಗಳೂರಿನಲ್ಲಿ ಆನ್‌ಲೈನ್ ಕ್ಲಾಸ್ ಮಕ್ಕಳ ಕಣ್ಣಿಗೆ ಒಳ್ಳೆಯದಾ ಕೆಟ್ಟದ್ದಾ ಅಂತ ಚರ್ಚೆ ಮಾಡ್ತಾ ಇದ್ವಲ್ಲ, ಆ ಚರ್ಚೆ ಹೈಕೋರ್ಟಿನವರೆಗೂ ಹೋಯ್ತಲ್ಲ, ಅದು ಯಾರ ಮಕ್ಕಳ ಬಗ್ಗೆ ಅಂತ ಈಗ ಲೆಕ್ಕ ಹಾಕಿ.

ಈಗ ಎಲ್ಲ ಸರಿ ಹೋಯ್ತು ಅನ್ನುವವರೂ ಇದ್ದಾರೆ. ಅಸರ್ ವರದಿ ನೋಡಿ, ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಗ್ರಾಮೀಣ ಮಕ್ಕಳು 2018ರಲ್ಲಿ ದೇಶದಲ್ಲಿ 27.3% ಇದ್ದರು, 2022ಕ್ಕೆ 20.5%ಗೆ ಇಳಿಯಿತು, 2024ಕ್ಕೆ ಮತ್ತೆ 27.1% ಆಯಿತು, ಚೇತರಿಕೆ ಅಂತಾರೆ. ಅಂಕಿ ನಿಜ. ಆದರೆ 2024ರಲ್ಲಿ ಮೂರನೇ ಕ್ಲಾಸಲ್ಲಿದ್ದ ಮಗುವಿಗೆ 2020ರಲ್ಲಿ ನಾಲ್ಕು ವರ್ಷ. ಅದಿನ್ನೂ ಅಂಗನವಾಡಿ ವಯಸ್ಸು. ಚೇತರಿಸಿಕೊಂಡಿದ್ದು ಮೂರನೇ ಕ್ಲಾಸು ಅನ್ನುವ ಬೆಂಚು. ಆಗ ಆ ಬೆಂಚಿನ ಮೇಲೆ ಕೂರಬೇಕಾಗಿದ್ದವರು ಪಾಸಾಗಿ ಮುಂದೆ ಹೋಗಿಬಿಟ್ಟರು, ಆ ಗ್ರಾಫಿನಲ್ಲಿ ಅವರಿಲ್ಲ.

ಇಷ್ಟು ಹೇಳಿದ ಮೇಲೆ ಪುಸ್ತಕವನ್ನ ತಲೆ ಮೇಲೆ ಹೊತ್ತು ಕುಣಿಯಬೇಕಿತ್ತು. ಆಗಲಿಲ್ಲ. ಸ್ಕೂಲಿನ ವಿಷಯದಲ್ಲೂ ಅವರ ಲೆಕ್ಕ ನಮ್ಮ ಮನೆಗೆ ಪೂರ್ತಿ ಹೊಂದುವುದಿಲ್ಲ.

ಅವರು ಬಹಳ ಸಹಾನುಭೂತಿಯಿಂದ ನೋಡುವುದು ಗ್ರೇಟ್ ಬ್ಯಾರಿಂಗ್ಟನ್ ಘೋಷಣೆಯನ್ನು. 2020ರ ಅಕ್ಟೋಬರ್‌ನಲ್ಲಿ ಮೂವರು ವಿಜ್ಞಾನಿಗಳು ಹೊರಡಿಸಿದ್ದು, ಅವರಲ್ಲಿ ಇಬ್ಬರು, ಜಯ್ ಭಟ್ಟಾಚಾರ್ಯ ಮತ್ತು ಸುನೇತ್ರಾ ಗುಪ್ತಾ, ಕೋಲ್ಕತ್ತಾದಲ್ಲಿ ಹುಟ್ಟಿದವರು. ವಯಸ್ಸಾದವರನ್ನು ಪ್ರತ್ಯೇಕವಾಗಿ ಕಾಪಾಡಿ, ಉಳಿದವರು ಮಾಮೂಲಿ ಬದುಕಲಿ ಅನ್ನೋದು ಅದರ ಸಾರ. ಅವರನ್ನು ಅಧಿಕಾರದಲ್ಲಿದ್ದ ವಿಜ್ಞಾನಿಗಳು ವಾದದಿಂದ ಎದುರಿಸದೆ ಕಸದ ಬುಟ್ಟಿಗೆ ಹಾಕಲು ನೋಡಿದರು ಅನ್ನುವ ಪುಸ್ತಕದ ದೂರು ಸರಿಯಾಗೇ ಇದೆ. ಆದರೆ "ಪ್ರತ್ಯೇಕವಾಗಿ" ಅನ್ನುವ ಪದವನ್ನ ನಮ್ಮೂರಲ್ಲಿ ಹೇಗೆ ಜಾರಿ ಮಾಡ್ತೀರಿ? ಎರಡು ರೂಮು, ಒಂದು ನಡುಮನೆ, ಆರು ಜನ. ಪುಟ್ಟಿ ರಾತ್ರಿ ಮಲಗ್ತಿದ್ದಿದ್ದೇ ಅಜ್ಜಿಯ ಪಕ್ಕದಲ್ಲಿ, ಅದೇ ಕಂಬಳಿಯಲ್ಲಿ.

ಸ್ವೀಡನ್ನಿನ ಉದಾಹರಣೆಯನ್ನು ಎಲ್ಲರೂ ಅರ್ಧ ಹೇಳ್ತಾರೆ. ಅಲ್ಲಿ 16ರವರೆಗಿನ ಮಕ್ಕಳ ಸ್ಕೂಲು ಮುಚ್ಚಲಿಲ್ಲ. 2020ರ ಮಾರ್ಚ್‌ನಿಂದ ಜೂನ್‌ವರೆಗೆ 19.5 ಲಕ್ಷ ಮಕ್ಕಳಲ್ಲಿ ಐಸಿಯುಗೆ ಹೋದವರು 15, ಕೋವಿಡ್‌ನಿಂದ ಸತ್ತವರು ಯಾರೂ ಇಲ್ಲ. ಇದು ಸತ್ಯ. ಇನ್ನರ್ಧ ಏನಂದ್ರೆ, ಅದೇ ಸ್ವೀಡನ್ನಿನಲ್ಲಿ ಸ್ಕೂಲಿಗೆ ಹೋಗಿ ಪಾಠ ಮಾಡಿದ ಹೈಸ್ಕೂಲು ಮೇಷ್ಟ್ರುಗಳಿಗೆ, ಮನೆಯಿಂದ ಪಾಠ ಮಾಡಿದ ಮೇಲಿನ ತರಗತಿಯ ಮೇಷ್ಟ್ರುಗಳಿಗಿಂತ ಸುಮಾರು ಎರಡು ಪಟ್ಟು ಸೋಂಕು ತಗುಲಿತ್ತು. ಮಕ್ಕಳಿಗೆ ಅಪಾಯ ಕಡಿಮೆ ಅನ್ನೋದು ಎಲ್ಲರಿಗೂ ಅಪಾಯ ಕಡಿಮೆ ಅಂತ ಅಲ್ಲ. ಇದನ್ನ ಒಪ್ಪಿಕೊಂಡೇ ಸ್ಕೂಲು ತೆರೆಯಬೇಕು ಅನ್ನುವ ವಾದ ಮಾಡಬೇಕು. ಮಾಡಬಹುದು ಕೂಡ.

ಹೇಗೆ ಅಂದ್ರೆ, 2021ರ ಜೂನ್-ಜುಲೈನಲ್ಲಿ ಐಸಿಎಂಆರ್ ನಾಲ್ಕನೇ ಸೀರೋ ಸರ್ವೆ ಮಾಡಿತು. 6ರಿಂದ 9 ವರ್ಷದ ಮಕ್ಕಳಲ್ಲಿ 57.2% ಜನರ ರಕ್ತದಲ್ಲಿ ಆಗಲೇ ಆಂಟಿಬಾಡಿ ಇತ್ತು. ಅವರಿಗೆ ಲಸಿಕೆ ಇರಲಿಲ್ಲ. ಬಹುತೇಕ ಕಡೆ ಸ್ಕೂಲೂ ಇರಲಿಲ್ಲ. ಅಂದರೆ ಅರ್ಧಕ್ಕಿಂತ ಹೆಚ್ಚು ಪುಟ್ಟ ಮಕ್ಕಳು ಸ್ಕೂಲಿನ ಮುಖ ನೋಡದೇ ಕೊರೋನಾ ಮುಗಿಸಿಕೊಂಡಿದ್ದರು. ತೆರೆಯೋದಾದರೆ ಮೊದಲು ಪ್ರೈಮರಿ ಸ್ಕೂಲು ತೆರೆಯಿರಿ ಅಂತ ಆಗಿನ ಐಸಿಎಂಆರ್ ಮುಖ್ಯಸ್ಥ ಬಲರಾಮ್ ಭಾರ್ಗವ ಬಹಿರಂಗವಾಗಿಯೇ ಹೇಳಿದರು. ನಮ್ಮ ರಾಜ್ಯದ್ದೇ ಡಾ. ದೇವಿ ಶೆಟ್ಟಿ ಸಮಿತಿ ಜೂನ್‌ನಲ್ಲೇ ಶಾಲೆ ತೆರೆಯುವ ಪರವಾಗಿ ಮಾತಾಡಿತ್ತು. ನಾವು ಮಾಡಿದ್ದೇನು? ಆಗಸ್ಟ್ 23ಕ್ಕೆ 9ರಿಂದ 12, ಸೆಪ್ಟೆಂಬರ್ 6ಕ್ಕೆ 6ರಿಂದ 8, ಅಕ್ಟೋಬರ್ 25ಕ್ಕೆ 1ರಿಂದ 5. ಪೂರಾ ಉಲ್ಟಾ. ದೊಡ್ಡ ಮಕ್ಕಳಿಗೆ ಬೋರ್ಡ್ ಎಕ್ಸಾಮ್ ಇದೆ, ಸಣ್ಣವಕ್ಕೇನು ಅವಸರ? ಈ ತರ್ಕದ ಬೇರು ಹಿಂದಿನ ವರ್ಷವೇ ಕಾಣಿಸಿತ್ತು: 2020ರ ಜೂನ್ 25ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳನ್ನ ಕೂರಿಸಿ ಎಸ್ಸೆಸ್ಸೆಲ್ಸಿ ನಡೆಸಿದೆವು. ಪರೀಕ್ಷೆ ಮಾಡೋಕೆ ಧೈರ್ಯ ಬಂತು, ಪಾಠ ಮಾಡೋಕೆ ಬರಲಿಲ್ಲ. ಹೆಂಡದಂಗಡಿ ತೆಗೆಯೋದಕ್ಕಂತೂ ಮೇ 4ಕ್ಕೇ ಬಂದಿತ್ತು. ಅದನ್ನ ಎಲ್ಲರೂ ಹೇಳಿ ಹೇಳಿ ಸವೆದು ಹೋಗಿದೆ, ಬಿಡಿ.

ಮೊದಲ ಮೂರು ತಿಂಗಳ ಮುಚ್ಚುವಿಕೆಗೆ ನಾನು ಇವತ್ತಿಗೂ ಬೈಯಲ್ಲ. ಯಾರಿಗೂ ಏನೂ ಗೊತ್ತಿರಲಿಲ್ಲ, ಹೇಗೂ ಬೇಸಿಗೆ ರಜೆ. 2021ರ ಏಪ್ರಿಲ್-ಮೇನಲ್ಲಿ ಆಕ್ಸಿಜನ್‌ಗೆ ಜನ ರಸ್ತೆಯಲ್ಲಿ ನಿಂತಿದ್ದಾಗಲೂ ಬೈಯಲ್ಲ. ಎಲೆಕ್ಷನ್‌ಗೆ ಸ್ಕೂಲಿನ ಗೇಟು ತೆಗೆದ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದಿನಗಳಿಗೆ, ಮತ್ತೆ ಆ ಜುಲೈನಿಂದ ಅಕ್ಟೋಬರ್‌ವರೆಗಿನ ದಿನಗಳಿಗೆ ನನ್ನ ಹತ್ತಿರ ಯಾವ ಸಮರ್ಥನೆಯೂ ಇಲ್ಲ.

ಈಗ ವೈರಸ್ಸಿನ ಮೂಲದ ಅಧ್ಯಾಯ. ಇಲ್ಲಿ ಪುಸ್ತಕ ಹೇಳುವ ಕಥೆಯ ಮೊದಲರ್ಧ ಗಟ್ಟಿಯಾಗಿದೆ. 2020ರ ಫೆಬ್ರವರಿಯಲ್ಲಿ 27 ವಿಜ್ಞಾನಿಗಳು ಲ್ಯಾನ್ಸೆಟ್‌ನಲ್ಲಿ, ವೈರಸ್ ಪ್ರಾಕೃತಿಕವಲ್ಲ ಅನ್ನುವುದು ಪಿತೂರಿಯ ಮಾತು ಅಂತ ಪತ್ರ ಬರೆದರು. ಅದರ ಹಿಂದೆ ಓಡಾಡಿದ ಪೀಟರ್ ಡಾಸ್ಜಾಕ್‌ರ ಸಂಸ್ಥೆಯೇ ವುಹಾನ್ ಲ್ಯಾಬಿನ ಜೊತೆ ಕೆಲಸ ಮಾಡುತ್ತಿತ್ತು ಅನ್ನೋದು ಆ ಪತ್ರದಲ್ಲಿ ಇರಲಿಲ್ಲ. ಮಾರ್ಚ್‌ನಲ್ಲಿ ನೇಚರ್ ಮೆಡಿಸಿನ್‌ನಲ್ಲಿ ಬಂದ ಲೇಖನ ಲ್ಯಾಬ್ ಸಾಧ್ಯತೆಯನ್ನು ಹೆಚ್ಚುಕಡಿಮೆ ತಳ್ಳಿಹಾಕಿತು. ಅದನ್ನು ಬರೆದವರೇ ತಮ್ಮತಮ್ಮಲ್ಲಿ ಆಡಿದ ಮಾತುಗಳು 2023ರಲ್ಲಿ ಹೊರಬಿದ್ದಾಗ, ಅಷ್ಟು ಖಾತ್ರಿ ಅವರಿಗೇ ಇರಲಿಲ್ಲ ಅಂತ ಕಂಡಿತು. ಯುನಾನ್‌ನ ಮೋಜಿಯಾಂಗ್ ಗಣಿಯಲ್ಲಿ 2012ರಲ್ಲಿ ಆರು ಕೆಲಸಗಾರರು ಕಾಯಿಲೆ ಬಿದ್ದು ಮೂವರು ಸತ್ತಿದ್ದರು. ಕೊರೋನಾ ವೈರಸ್ಸಿಗೆ 96% ಹೋಲುವ ಬಾವಲಿ ವೈರಸ್ ಸಿಕ್ಕಿದ್ದು ಅದೇ ಗಣಿಯಲ್ಲಿ. ಈ ಎಳೆಯನ್ನು ಬಿಡದೆ ಹಿಡಿದವರಲ್ಲಿ ಪುಣೆಯ ವಿಜ್ಞಾನಿ ದಂಪತಿ ಮೋನಾಲಿ ರಹಾಲ್ಕರ್ ಮತ್ತು ರಾಹುಲ್ ಬಹುಲಿಕರ್ ಇದ್ದರು. ದೊಡ್ಡ ಲ್ಯಾಬಿಲ್ಲದವರು, ದೊಡ್ಡ ಹೆಸರಿಲ್ಲದವರು ಕೇಳಿದ ಪ್ರಶ್ನೆಗೆ ದೊಡ್ಡವರು ಮೂಗು ಮುರಿದರು. ಇದೆಲ್ಲ ನಾಚಿಕೆಗೇಡು, ಪುಸ್ತಕ ಅದನ್ನ ಚೆನ್ನಾಗಿ ಹೇಳುತ್ತೆ.

ತೊಂದರೆ ಇರೋದು ದ್ವಿತೀಯಾರ್ಧದಲ್ಲಿ. ಪ್ರಶ್ನೆಯನ್ನು ಹತ್ತಿಕ್ಕಿದರು ಅನ್ನೋದು ಉತ್ತರ ಅಲ್ಲ. ಹತ್ತಿಕ್ಕಿದ ಕಥೆಗೆ ಸಿಕ್ಕ ಜಾಗ, ಆಮೇಲೆ ಬಂದ ವಿಜ್ಞಾನಕ್ಕೆ ಈ ಅಧ್ಯಾಯದಲ್ಲಿ ಸಿಗಲಿಲ್ಲ ಅಂತ ನನಗನ್ನಿಸಿತು.

2021ರ ಮೇನಲ್ಲಿ 18 ವಿಜ್ಞಾನಿಗಳು ಸೈನ್ಸ್ ಪತ್ರಿಕೆಗೆ, ಎರಡೂ ಸಾಧ್ಯತೆಗಳನ್ನ ಗಂಭೀರವಾಗಿ ತನಿಖೆ ಮಾಡಿ ಅಂತ ಪತ್ರ ಬರೆದರು. ಚರ್ಚೆಯ ಬಾಗಿಲು ತೆಗೆದ ಪತ್ರ ಅದು. ಸಹಿ ಹಾಕಿದವರಲ್ಲಿ ಮೂವರ ಕಥೆ ಕೇಳಿ. ಮೈಕೆಲ್ ವೊರೋಬಿ ಡೇಟಾ ಹಿಡಿದು ಕೂತರು. 2019ರ ಡಿಸೆಂಬರ್‌ನ ರೋಗಿಗಳಲ್ಲಿ ಮನೆ ಎಲ್ಲಿ ಅಂತ ಗುರುತಿಸಲು ಸಾಧ್ಯವಾದ 155 ಜನರನ್ನು ಮ್ಯಾಪಿನ ಮೇಲೆ ಇಟ್ಟರೆ, ಹುವಾನಾನ್ ಮಾರ್ಕೆಟ್ಟಿಗೆ ಕಾಲೇ ಇಡದವರೂ ಆ ಮಾರ್ಕೆಟ್ಟಿನ ಸುತ್ತಲೇ ಇದ್ದರು. ಮಾರ್ಕೆಟ್ಟಿನ ಒಳಗೆ ವೈರಸ್ ಸಿಕ್ಕ ಜಾಗಗಳು ಜೀವಂತ ಪ್ರಾಣಿ ಮಾರುತ್ತಿದ್ದ ಮೂಲೆಯಲ್ಲಿ ಗುಂಪಾಗಿದ್ದವು. ಲ್ಯಾಬನ್ನೂ ತನಿಖೆ ಮಾಡಿ ಅಂದಿದ್ದ ಮನುಷ್ಯ 2022ರಲ್ಲಿ ಮಾರ್ಕೆಟ್ಟೇ ಮೂಲ ಅನ್ನುವ ಲೇಖನದ ಮೊದಲ ಲೇಖಕರಾದರು. ಎರಡನೆಯವರು ಅಲೀನಾ ಚಾನ್, ಲ್ಯಾಬಿನ ಕಡೆಗೇ ಇನ್ನಷ್ಟು ವಾಲಿದರು. ಮೂರನೆಯವರು ಜೆಸ್ಸಿ ಬ್ಲೂಮ್. ವುಹಾನ್‌ನ ಆರಂಭದ ರೋಗಿಗಳ ಕೆಲವು ಜೀನ್ ಸೀಕ್ವೆನ್ಸ್‌ಗಳನ್ನು ಚೀನಾದ ಸಂಶೋಧಕರ ಕೋರಿಕೆಯ ಮೇಲೆ ಅಮೆರಿಕದ ಡೇಟಾಬೇಸಿನಿಂದ ತೆಗೆದುಹಾಕಿದ್ದರು. ಬ್ಲೂಮ್ ಅದರ ಕಾಪಿಯನ್ನು ಗೂಗಲ್ ಕ್ಲೌಡ್‌ನಲ್ಲಿ ಹುಡುಕಿ ತೆಗೆದು 13 ವೈರಸ್‌ಗಳ ಅರೆಬರೆ ಸೀಕ್ವೆನ್ಸ್ ಕಟ್ಟಿದರು. ಡಿಲೀಟ್ ಮಾಡಿದ್ದು ನಿಜವಾಗಿ ಡಿಲೀಟ್ ಆಗಿರಲ್ಲ ಅನ್ನೋದು ನಮ್ಮ ಕಸುಬಿನವರಿಗೆ ಹೇಳಿಕೊಡಬೇಕಾಗಿಲ್ಲ! ಅದೇ ಬ್ಲೂಮ್ 2023ರಲ್ಲಿ ಮಾರ್ಕೆಟ್ ಸ್ಯಾಂಪಲ್‌ಗಳನ್ನು ಮತ್ತೆ ಜಾಲಾಡಿ, ರಕೂನ್ ಡಾಗ್ ಅನ್ನುವ ಪ್ರಾಣಿಯ ಡಿಎನ್‌ಎ ಇದ್ದ ಕಡೆಯೇ ವೈರಸ್ ಹೆಚ್ಚು ಅನ್ನುವ ಸಂಬಂಧ ಕಾಣಲ್ಲ ಅಂದರು. ಒಂದು ಕಡೆಗೂ ಸೇರದೆ ನಿಂತಿದ್ದಾರೆ.

ಒಂದೇ ಪತ್ರ, ಮೂರು ದಾರಿ. ನನಗೆ ಈ ಮೂವರ ಕಥೆ ಇಡೀ ಅಧ್ಯಾಯಕ್ಕಿಂತ ಹೆಚ್ಚು ಕಲಿಸಿತು. ಇದು ಮತದ ಪ್ರಶ್ನೆ ಅಲ್ಲ, ಲಾಗ್ ಫೈಲಿನ ಪ್ರಶ್ನೆ. ಸಾಕಷ್ಟು ಲಾಗ್ ಇದ್ದಿದ್ದರೆ ಮೂವರೂ ಒಂದೇ ಕಡೆ ಬರ್ತಿದ್ದರು. ಲಾಗ್ ಇರೋದು ಚೀನಾ ಹತ್ತಿರ, ಅವರು ಕೊಡ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2025ರ ಜೂನ್‌ನಲ್ಲಿ ಹೇಳಿದ್ದೂ ಅಷ್ಟೇ: ಸಿಕ್ಕಿರುವ ಪುರಾವೆಯ ತೂಕ ಪ್ರಾಣಿಯ ಕಡೆಗಿದೆ, ಆದರೆ ಕೇಳಿದ ಮಾಹಿತಿ ಬರದೇ ಲ್ಯಾಬನ್ನು ತಳ್ಳಿಹಾಕುವ ಹಾಗಿಲ್ಲ. ಪುಸ್ತಕ ಅದಕ್ಕಿಂತ ಮೊದಲೇ ಬಂದದ್ದು, ಅದನ್ನ ಬಿಟ್ಟಿದ್ದಕ್ಕೆ ದೂರಲ್ಲ. ಅತ್ತ ಸಿಐಎ 2025ರ ಜನವರಿಯಲ್ಲಿ ಲ್ಯಾಬ್ ಕಡೆ ವಾಲಿತು, ಅದೂ ಕಡಿಮೆ ವಿಶ್ವಾಸದಿಂದ ಅಂತ ಅವರೇ ಹೇಳಿಕೊಂಡು. ನನ್ನನ್ನ ಕೇಳಿದರೆ ಮಾರ್ಕೆಟ್ ಅಂತೀನಿ. ಬೆಟ್ ಕಟ್ಟು ಅಂದರೆ ಒಂದು ತಿಂಗಳ ಸಂಬಳ ಕಟ್ಟಲ್ಲ.

ಬೆಟ್ ಕಟ್ಟಿದವರೂ ಇದ್ದಾರೆ. ರೂಟ್‌ಕ್ಲೇಮ್ ಅನ್ನುವ ಸಂಸ್ಥೆಯ ಸಾರ್ ವಿಲ್ಫ್ ಅನ್ನುವ ಇಸ್ರೇಲಿ ಉದ್ಯಮಿ, ಲ್ಯಾಬೇ ಮೂಲ ಅಂತ 1 ಲಕ್ಷ ಡಾಲರ್ ಪಣ ಇಟ್ಟರು. ಪೀಟರ್ ಮಿಲ್ಲರ್ ಅನ್ನುವವರು ಮಾರ್ಕೆಟ್ ಪರ ನಿಂತರು. ಹದಿನೈದು ಗಂಟೆಗೂ ಹೆಚ್ಚು ವಾದ, ಇಬ್ಬರು ತೀರ್ಪುಗಾರರು. 2024ರ ಆರಂಭದಲ್ಲಿ ಇಬ್ಬರೂ ಮಾರ್ಕೆಟ್ ಪರ ತೀರ್ಪು ಕೊಟ್ಟರು. ವಿಡಿಯೋಗಳನ್ನು ಒಂದೂವರೆ ಪಟ್ಟು ಸ್ಪೀಡಿನಲ್ಲಿ ನಾಲ್ಕು ರಾತ್ರಿ ನೋಡಿದೆ. ಇಬ್ಬರೂ ಸಂಭಾವ್ಯತೆಯ ಅದೇ ಬೇಯ್ಸ್ ಸೂತ್ರ ಹಿಡಿದು ಒಬ್ಬರು ಆಕಾಶಕ್ಕೆ, ಒಬ್ಬರು ಪಾತಾಳಕ್ಕೆ ಹೋದರು. ಸೋತವರು ತಮ್ಮ ಅಭಿಪ್ರಾಯ ಬದಲಿಸಲಿಲ್ಲ. ಆದರೂ ಬಾಯಿ ಮುಚ್ಚಿಸದೆ, ದುಡ್ಡು ಇಟ್ಟು, ಗಂಟೆಗಟ್ಟಲೆ ಕೇಳಿಸಿಕೊಂಡು ಮಾಡಿದ ಜಗಳ ಹೀಗಿರುತ್ತೆ ಅಂತ ಖುಷಿಯಾಯಿತು. ಪುಸ್ತಕದ ಇಬ್ಬರು ಪ್ರೊಫೆಸರ್‌ಗಳಿಗೆ ಬೇಕಾಗಿದ್ದೂ ಇಂಥದ್ದೇ.

ಇಲ್ಲಿಗೇ ನನ್ನ ಮುಖ್ಯ ತಕರಾರು ಬರೋದು. ಸ್ಕೂಲಿನ ಜಗಳಕ್ಕೆ ಹದಿನೈದು ಗಂಟೆ ಅಲ್ಲ, ಹದಿನೈದು ವರ್ಷ ಡಿಬೇಟ್ ಮಾಡಿದರೂ ತೀರ್ಪುಗಾರರು ಏನು ಮಾಡ್ತಾರೆ? ಅಲ್ಲಿ ಸಿಗದ ಲಾಗ್ ಯಾವುದೂ ಇಲ್ಲ. ಪುಟ್ಟಿಯ ಓದು ಒಂದು ತಟ್ಟೆಯಲ್ಲಿ, ಅಮ್ಮನ ಶುಗರ್ ಇನ್ನೊಂದರಲ್ಲಿ. ತಕ್ಕಡಿಯನ್ನ ಯಾರು ಹಿಡಿಯಬೇಕು, ಯಾರ ಮಾತು ಕೇಳಿ ಹಿಡಿಯಬೇಕು ಅನ್ನೋದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ನಾವು ಮೊದಲು ರೋಲ್‌ಬ್ಯಾಕ್ ಮಾಡ್ತೀವಿ, ರೂಟ್ ಕಾಸ್ ಬೆಳಿಗ್ಗೆ ನೋಡ್ತೀವಿ. ಬಗ್ ಯಾರ ಕೋಡಿನಿಂದ ಬಂತು ಅನ್ನೋದು ಗೊತ್ತಾಗೋ ತನಕ ಸೈಟ್ ಮುಚ್ಚಿಡಲ್ಲ. ವೈರಸ್ ಬಾವಲಿಯಿಂದ ಬಂದಿದ್ದರೂ ಟೆಸ್ಟ್ ಟ್ಯೂಬಿನಿಂದ ಬಂದಿದ್ದರೂ ಮಾರಮ್ಮನ ಗುಡಿ ಜಗಲಿಯ ಲೆಕ್ಕದಲ್ಲಿ ಒಂದು ಅಂಕಿಯೂ ಬದಲಾಗುತ್ತಿರಲಿಲ್ಲ. ಆದರೂ ಅಮೆರಿಕದಲ್ಲಿ ಇವೆರಡೂ ಕಾಂಬೋ ಆಫರ್ ಆಗಿಬಿಟ್ಟವು. ಲ್ಯಾಬ್ ಅನ್ನುವವನು ಸ್ಕೂಲು ತೆಗೀರಿ ಅನ್ನಬೇಕು, ಮಾರ್ಕೆಟ್ ಅನ್ನುವವನು ಮುಚ್ಚಿರಿ ಅನ್ನಬೇಕು. ಈ ಕಟ್ಟನ್ನ ಬಿಚ್ಚಬೇಕಾಗಿದ್ದ ಪುಸ್ತಕ, ಎರಡಕ್ಕೂ "ಭಿನ್ನಮತ ಹತ್ತಿಕ್ಕಿದರು" ಅನ್ನುವ ಒಂದೇ ದಾರ ಸುತ್ತಿ ಇನ್ನೊಂದು ಗಂಟು ಹಾಕಿದೆ. ಹಾಗೆ ಮಾಡಿದ್ದರಿಂದ ನಷ್ಟ ಆಗೋದು ಸ್ಕೂಲಿನ ವಾದಕ್ಕೆ. ನಾಳೆ ಚೀನಾ ಡೇಟಾ ಕೊಟ್ಟು, ಮಾರ್ಕೆಟ್ಟೇ ಅಂತ ಖಾತ್ರಿ ಆಯ್ತು ಅನ್ಕೊಳ್ಳಿ. ಆಗ ಪುಟ್ಟಿಯ ಮೂರನೇ ಕ್ಲಾಸಿನ ಕೇಸೂ ಬಿದ್ದುಹೋಗುತ್ತಾ?

ನಮ್ಮೂರಲ್ಲಿ ಆಗಿದ್ದು ಇನ್ನೂ ವಿಚಿತ್ರ. ಇಲ್ಲಿ ಕಾಂಬೋ ಇರಲಿಲ್ಲ, ಯಾಕಂದ್ರೆ ಎರಡನೇ ಜಗಳವೇ ಇರಲಿಲ್ಲ. ಕೊಬ್ಬರಿ ಅಂಗಡಿ ಜಗಲಿ ಮೇಲೆ ಸಂಜೆ ಕೂತ ಎಲ್ಲರಿಗೂ ವುಹಾನ್ ಗೊತ್ತಿತ್ತು. ಲ್ಯಾಬ್ ಎಷ್ಟನೇ ಫ್ಲೋರಿನಲ್ಲಿದೆ ಅಂತ ಹೇಳುವವರೂ ಇದ್ದರು. "ಚೀನಾದೋರು ಬೇಕಂತಲೇ ಬಿಟ್ಟವ್ರೆ" ಅಂತ ಒಬ್ಬ, "ಬಾವಲಿ ತಿಂದ್ರೆ ಇನ್ನೇನಾಯ್ತದೆ" ಅಂತ ಇನ್ನೊಬ್ಬ. ನಾನೂ ತಾರಸಿಯಿಂದ ಇಳಿದು ಬಂದು ಭಾಗವಹಿಸ್ತಿದ್ದೆ, ಅಲ್ಲೂ ಎಕ್ಸ್‌ಪರ್ಟೇ. ಆ ಜಗಲಿಯಿಂದ ಸ್ಕೂಲಿನ ಗೇಟು ಕಾಣುತ್ತೆ, ಇನ್ನೂರು ಅಡಿಯೂ ಇಲ್ಲ. ಅದು ಯಾವಾಗ ತೆಗೀಬೇಕು ಅಂತ ಒಂದು ಸಂಜೆಯೂ ಯಾರೂ ಜಗಳ ಆಡಿದ್ದು ನನಗೆ ನೆನಪಿಲ್ಲ. ಬೀಗ ಹಾಕಿದ್ದು ಸರ್ಕಾರ, ತೆಗೆಯೋದು ಸರ್ಕಾರ. ಮಕ್ಕಳು ತೋಟದಲ್ಲಿ ಮಟ್ಟೆ ಆಯ್ತಿದ್ದವು. ಇಲ್ಲಿ ಯಾರ ಬಾಯಿಯನ್ನೂ ಯಾರೂ ಮುಚ್ಚಿಸಬೇಕಾಗಿರಲಿಲ್ಲ. ಪ್ರಿನ್ಸ್‌ಟನ್ನಿನ ಪ್ರೊಫೆಸರ್‌ಗಳ ಸಿದ್ಧಾಂತದಲ್ಲಿ ಇದಕ್ಕೆ ಜಾಗ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಮೇಷ್ಟ್ರು ತಿಪಟೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ರಿಟೈರ್ ಆಗಿದ್ದಾರೆ. ಟೀ ಕುಡಿಯೋಕೆ ಕರೆದೆ. ಬ್ಯಾಗಿನಲ್ಲಿ ಈ ಪುಸ್ತಕ ಇತ್ತು, ತೋರಿಸಿದೆ. ತಿರುಗಿಸಿ ನೋಡಿ, "ನಮ್ ಕಡೆ ವಿಷ್ಯ ಏನಾದ್ರೂ ಬರ್ದವ್ರಾ?" ಅಂದರು. ಇದು ಅಮೆರಿಕದ್ದು ಮೇಷ್ಟ್ರೆ ಅಂದೆ. ಆಮೇಲೆ ಐದು ವರ್ಷದಿಂದ ಹೇಳಬೇಕು ಅಂದುಕೊಂಡಿದ್ದನ್ನ ಹೇಳಿದೆ. ಆವತ್ತು ಜಗಲಿ ಹತ್ರ ಬಂದು ನಿಮಗೆ ಹಾಗಂದಿದ್ದು ತಪ್ಪಾಯ್ತು, ಪುಟ್ಟೀನ ಕಳಿಸಬೇಕಿತ್ತು ಅಂತ.

ಅವರು ಟೀ ಲೋಟ ಕೆಳಗಿಟ್ಟರು. "ನೀನ್ ಹೇಳಿದ್ದು ತಪ್ಪು ಅಂತ ನಂಗೆ ಆಗ್ಲೂ ಅನ್ಸಿರ್ಲಿಲ್ಲ ಕಣಪ್ಪ. ಮನೇಲಿ ನಮ್ಮಪ್ಪ ಇದ್ರು, ಎಂಬತ್ಮೂರು. ದಿನಾ ಸಂಜೆ ಮನೆಗೆ ಹೋಗಿ, ಹಿತ್ಲಲ್ಲೇ ಸ್ನಾನ ಮಾಡಿ ಒಳಕ್ಕೆ ಹೋಗ್ತಿದ್ದೆ. ಹೆದರ್ಕೆ ನಂಗೂ ಇತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಟ್ಟಿ ಈಗ ಎಷ್ಟನೇ ಕ್ಲಾಸು?" ಅಂದರು.

ಎಂಟು ಅಂದೆ. ಓದ್ತಾಳಾ ಅಂತ ಕೇಳಿದರು. ಓದ್ತಾಳೆ ಮೇಷ್ಟ್ರೆ, ನಿಧಾನ, ಅಂದೆ. "ಗಟ್ಟಿಯಾಗಿ ಓದ್ಸು, ಮನ್ಸಲ್ಲಿ ಓದೋಕೆ ಬಿಡ್ಬೇಡ" ಅಂದರು. ಅಷ್ಟರಲ್ಲಿ ಅವರ ಬಸ್ಸು ಬಂತು.